ಒಮ್ಮೆ ಮೇಜ್ ಕಂಡ ಇಲಿಗೆ ಡಯಜೆಪಾಮ್ ಏಕೆ ನಾಟುವುದಿಲ್ಲ?

ಪ್ರಶ್ನೆ (ಎಂ.ಫಾರ್ಮ್ ವಿದ್ಯಾರ್ಥಿನಿ, ಮಂಗಳೂರು):
ಎಲ್ಲರಿಗೂ ನಮಸ್ಕಾರ. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1 ಮಿಲಿಗ್ರಾಂ ಡಯಜೆಪಾಮ್ (ಭಯ, ಆತಂಕ ತಗ್ಗಿಸುವ ಔಷಧ) ಚುಚ್ಚಿ, ಅರ್ಧ ಗಂಟೆ ಬಿಟ್ಟು ನೆಲದಿಂದ ಎತ್ತರದಲ್ಲಿರುವ, ಎರಡು ತೋಳುಗಳಿಗೆ ಗೋಡೆಯಿದ್ದು ಎರಡಕ್ಕೆ ಇಲ್ಲದ ಪ್ಲಸ್ ಆಕಾರದ ಪರೀಕ್ಷಾ ಸಾಧನವಾದ ಎಲಿವೇಟೆಡ್ ಪ್ಲಸ್ ಮೇಜ್‌ನಲ್ಲಿ 5 ನಿಮಿಷ ಗಮನಿಸಿದಾಗ, ನಮ್ಮ ಇಲಿಗಳು ಗೋಡೆಯಿಲ್ಲದ ತೋಳುಗಳಲ್ಲಿ ಹೆಚ್ಚು ಹೊತ್ತು ಕಳೆದವು, ಅಂದರೆ ಭಯ ತಗ್ಗಿತ್ತು. ಪ್ರಮಾಣವನ್ನು 4 ಮಿಲಿಗ್ರಾಮಿಗೆ ಏರಿಸಿದರೆ ಓಡಾಟವೇ ಕುಗ್ಗಿತು. ನನಗೆ ಅರ್ಥವಾಗದ್ದು ಇನ್ನೊಂದು: ಮೊದಲ ದಿನ ಸಲೈನ್ (ಔಷಧವಿಲ್ಲದ ಉಪ್ಪುನೀರು) ಮಾತ್ರ ಪಡೆದು ಮೇಜ್ ಕಂಡಿದ್ದ ಇಲಿಗಳಿಗೆ ವಾರದ ಬಳಿಕ ಅದೇ 1 ಮಿಲಿಗ್ರಾಂ ಕೊಟ್ಟಾಗ ಯಾವ ವ್ಯತ್ಯಾಸವೂ ಕಾಣಲಿಲ್ಲ. ಔಷಧ ಕೆಟ್ಟಿರಬಹುದೇ?

ಉತ್ತರ 1 (ಉಡುಪಿ):
ಔಷಧವನ್ನು ದೂರಬೇಡಿ. ಡಯಜೆಪಾಮ್ ಸೇರಿರುವ ಬೆಂಜೊಡಯಜೆಪೈನ್‌ಗಳು ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಗಾಬಾ-ಎ ಗ್ರಾಹಕದ ಮೇಲೆ ತಮ್ಮದೇ ತಾಣದಲ್ಲಿ ಕುಳಿತು, ಗಾಬಾ ತೆರೆಯುವ ಕ್ಲೋರೈಡ್ ಬಾಗಿಲು ಇನ್ನಷ್ಟು ಸಲ ತೆರೆಯುವಂತೆ ಮಾಡುತ್ತವೆ. ಈ ತಾಣಗಳನ್ನು ಮಿದುಳಿನಲ್ಲಿ ಗುರುತಿಸಿದ್ದು 1977ರಲ್ಲಿ. ಹೊಸ ಜಾಗದಲ್ಲಿ ಇಲಿಯ ಕುತೂಹಲವೂ ಭಯವೂ ಒಂದನ್ನೊಂದು ಎಳೆಯುತ್ತಿರುತ್ತವೆ. ಸಣ್ಣ ಪ್ರಮಾಣ ಭಯವನ್ನಷ್ಟೇ ಸಡಿಲಿಸುತ್ತದೆ, ದೊಡ್ಡದು ಮಂಪರು ತಂದು ಎರಡನ್ನೂ ಮುಚ್ಚಿಬಿಡುತ್ತದೆ. ಜೀನ್ ಬದಲಿಸಿದ ಇಲಿಗಳಲ್ಲಿ ಮಂಪರಿಗೆ ಈ ಗ್ರಾಹಕದ ಆಲ್ಫಾ-1, ಭಯ ತಗ್ಗಲು ಆಲ್ಫಾ-2 ಉಪಘಟಕ ಮುಖ್ಯವೆಂದು ಕಂಡುಬಂದಿದೆ. ಆದ್ದರಿಂದ ಗೋಡೆಯಿರುವ ತೋಳುಗಳ ಪ್ರವೇಶವನ್ನೂ ಎಣಿಸಿ. ಅದೂ ಇಳಿದಿದ್ದರೆ ನೀವು ಅಳೆದದ್ದು ಭಯವನ್ನಲ್ಲ, ನಿಶ್ಶಕ್ತಿಯನ್ನು.

ಉತ್ತರ 2 (ಮಂಗಳೂರು):
ಮೇಲಿನವರು ನಿಮ್ಮ ಕೊನೆಯ ಪ್ರಶ್ನೆಯನ್ನು ಮುಟ್ಟಲಿಲ್ಲ. ಇದಕ್ಕೆ 'ಒಂದು ಅನುಭವದ ಸಹಿಷ್ಣುತೆ' ಎನ್ನುತ್ತಾರೆ. ಆ ಇಲಿಗಳು ಮೊದಲು ಔಷಧವನ್ನೇ ಕಂಡಿರಲಿಲ್ಲವಾದ್ದರಿಂದ ಇದು ದೇಹ ಔಷಧಕ್ಕೆ ಒಗ್ಗಿಕೊಂಡದ್ದಲ್ಲ. ಮೇಜ್‌ನ 5 ನಿಮಿಷದ ಅನುಭವವೇ ಭಯದ ಸ್ವರೂಪವನ್ನು ಬದಲಿಸಿದೆ, ಆ ಬದಲಾದ ಭಯ ಡಯಜೆಪಾಮ್‌ಗೆ ಮಣಿಯುವುದಿಲ್ಲ ಎಂಬುದೇ ಸಾಮಾನ್ಯ ವಿವರಣೆ. ಪ್ರತಿ ಗುಂಪಿಗೂ ಮೇಜ್ ಕಾಣದ ಇಲಿಗಳನ್ನೇ ಬಳಸಿ. ಹೆಚ್ಚುವರಿ ಪ್ರಾಣಿಗಳಿಗೆ ನೈತಿಕ ಸಮಿತಿಯ ಅನುಮತಿಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಬಳಸಿದ ಇಲಿಯನ್ನು ಮತ್ತೆ ಬಳಸಿ ಸಂಖ್ಯೆ ಉಳಿಸಿದೆವೆಂದುಕೊಂಡರೆ ಕೊನೆಗೆ ಎಲ್ಲವೂ ವ್ಯರ್ಥವಾಗುತ್ತದೆ, ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಉತ್ತರ 3 (ಮಣಿಪಾಲ):
ಒಂದು ಗುಂಪಿಗೆ ಡಯಜೆಪಾಮ್ ಜೊತೆಗೆ, ಬೆಂಜೊಡಯಜೆಪೈನ್ ತಾಣವನ್ನು ತಡೆಯುವ ಫ್ಲುಮಾಜೆನಿಲ್ ಕೊಟ್ಟು ನೋಡಿ. ಡಯಜೆಪಾಮ್‌ನ ಪರಿಣಾಮ ಅದರಿಂದ ಅಳಿದರೆ, ಕೆಲಸ ಈ ತಾಣದ ಮೂಲಕವೇ ನಡೆದಿದೆ ಎನ್ನಬಹುದು. ಇದೇ ತಾಣಕ್ಕೆ ಅಂಟುವ ಎಫ್‌ಜಿ 7142 ಎಂಬ ಬೀಟಾ-ಕಾರ್ಬೊಲಿನ್ ವರ್ಗದ ರಾಸಾಯನಿಕ ತದ್ವಿರುದ್ಧವಾಗಿ ಇಲಿಯನ್ನು ಗೋಡೆಯ ಮರೆಗೆ ಅಟ್ಟುತ್ತದೆ. ಇನ್ನು, ಈಗ ಆಷಾಢದ ಮಳೆ. ತಗಡಿನ ಮಾಡಿನ ಮೇಲೆ ಮಳೆ ಬಡಿಯುವ ಸದ್ದು ಸಲೈನ್ ಗುಂಪನ್ನೂ ಹೆದರಿಸಬಲ್ಲದು. ಎರಡೂ ಗುಂಪುಗಳನ್ನು ಒಂದೇ ದಿನ, ಬೆರೆಸಿದ ಸರದಿಯಲ್ಲಿ ಪರೀಕ್ಷಿಸಿ.

ಪ್ರಶ್ನೆ ಕೇಳಿದವರು:
ಮೂವರಿಗೂ ಧನ್ಯವಾದಗಳು. ದಾಖಲೆ ತೆಗೆದು ನೋಡಿದೆ: 4 ಮಿಲಿಗ್ರಾಂ ಗುಂಪಿನಲ್ಲಿ ಗೋಡೆಯಿರುವ ತೋಳುಗಳ ಪ್ರವೇಶವೂ ಇಳಿದಿದೆ. ಮುಂದಿನ ಸುತ್ತಿಗೆ ಹೊಸ ಇಲಿಗಳನ್ನು ಕೇಳಿ ಅರ್ಜಿ ಬರೆಯುತ್ತಿದ್ದೇನೆ.