ದೊಡ್ಡ ಊರಿಗೆ ಶಿಫ್ಟ್ ಆಗಬೇಕು: ಸಿಟಿ ಮಧ್ಯ ಇರೋದಾ, ಹೊರವಲಯಕ್ಕೆ ಹೋಗೋದಾ?

ಸೂಟ್‌ಕೇಸ್

ಎಲ್ಲರಿಗೂ ನಮಸ್ಕಾರ. ಒಂದೇ ವಾರದಲ್ಲಿ ನನಗೆ ಎರಡು ಆಫರ್ ಬಂದಿವೆ, ಎರಡು ಬೇರೆ ಬೇರೆ ನಗರಗಳಲ್ಲಿ. ಎರಡೂ ಊರು ನಮಗೆ ಹೊಸದು. ಸಂಬಳ ಹೆಚ್ಚುಕಡಿಮೆ ಒಂದೇ. ಮೊದಲನೆಯದು ತುಂಬಾ ದೊಡ್ಡ ನಗರ, ಬಾಡಿಗೆ ಕೇಳಿದರೆ ಎದೆ ಝಲ್ ಎನ್ನುತ್ತದೆ. ಎರಡನೆಯದು ಚಿಕ್ಕದು, ಖರ್ಚು ಕಡಿಮೆ, ಆದರೆ ನಮ್ಮನೆಯವರ ಕೆಲಸಕ್ಕೆ ಅಲ್ಲಿರುವುದು ಒಂದೋ ಎರಡೋ ಕಂಪನಿ.

ನಾವು ನಾಲ್ಕು ಜನ. ನಾನು, ನಮ್ಮನೆಯವರು, ಆರು ವರ್ಷದ ಮಗಳು, ಮಂಡಿ ನೋವಿರುವ ಅತ್ತೆ. ದೊಡ್ಡ ನಗರದಲ್ಲಿ ಎರಡು ಮನೆ ಕಣ್ಣಿಗೆ ಬಿದ್ದಿವೆ. ಒಂದು ಸಿಟಿ ಮಧ್ಯ ಹಳೇ ಬಿಲ್ಡಿಂಗ್‌ನ ಎರಡು ಬೆಡ್‌ರೂಮ್, ಆಫೀಸಿಗೆ ನಡೆದೇ ಹೋಗಬಹುದು. ಇನ್ನೊಂದು 28 ಕಿಲೋಮೀಟರ್ ಆಚೆ, ಹೊಸದು, ಮೂರು ಬೆಡ್‌ರೂಮ್, ದೊಡ್ಡ ಬಾಲ್ಕನಿ, ಬಾಡಿಗೆ ಕಡಿಮೆ. ಬ್ರೋಕರ್ ಪ್ರಕಾರ ಪಕ್ಕದಲ್ಲೇ ಮೆಟ್ರೋ 'ಇನ್ನೇನು ಬಂದೇಬಿಡುತ್ತದೆ'.

ಎಕ್ಸೆಲ್ ಶೀಟ್ ಮಾಡಿ 14 ವಿಷಯಗಳಿಗೆ ಮಾರ್ಕ್ಸ್ ಹಾಕಿದೆ. ಎಲ್ಲವೂ ಹತ್ತಿರ ಹತ್ತಿರ ಬಂದವು. ಆಮೇಲೆ ನೋಡಿದರೆ, ಬಾಲ್ಕನಿ ಮನೆ ಗೆಲ್ಲುವ ತನಕ ನಾನೇ ಸುಮ್ನೆ ಮಾರ್ಕ್ಸ್ ತಿದ್ದುತ್ತಾ ಕೂತಿದ್ದೆ! ಮೂರು ವಾರದಲ್ಲಿ ಉತ್ತರ ಕೊಡಬೇಕು. ಹೀಗೆ ಊರು ಬದಲಿಸಿದವರು ಯಾವುದನ್ನು ಮೊದಲು ನೋಡಿದಿರಿ?

ಎರಡನೇ ಗೇರ್

ಮೇಡಂ, ಆ ಶೀಟ್ ಬದಿಗಿಡಿ. ನಾನು ಮಾಡಿದ ತಪ್ಪು ಹೇಳುತ್ತೇನೆ ಕೇಳಿ.

ಏಳು ವರ್ಷದ ಹಿಂದೆ ನಾವೂ ಹೀಗೇ ಊರಾಚೆಯ ದೊಡ್ಡ ಮನೆಗೆ ಹೋದೆವು. ನೋಡಲು ಹೋದದ್ದು ಭಾನುವಾರ ಬೆಳಗ್ಗೆ. ಆಫೀಸಿನ ಮುಂದಿನಿಂದ ಅಲ್ಲಿಗೆ 35 ನಿಮಿಷ ಆಯಿತು. ಇಷ್ಟೇನಾ ಅಂದುಕೊಂಡು ಅಡ್ವಾನ್ಸ್ ಕೊಟ್ಟುಬಿಟ್ಟೆ. ಸೋಮವಾರ ಅದೇ ದಾರಿ 75 ನಿಮಿಷ ಹಿಡಿಯಿತು. ಒಂದು ದಿನದ ಕಥೆಯಲ್ಲ, ದಿನಾ ಅಷ್ಟೇ. ಲೆಕ್ಕ ಹಾಕಿ: ಹೋಗಿ ಬಂದು ದಿನಕ್ಕೆ ಎರಡೂವರೆ ಗಂಟೆ, ವಾರಕ್ಕೆ ಹನ್ನೆರಡೂವರೆ, ವರ್ಷಕ್ಕೆ 48 ವಾರ ಎಂದರೂ 600 ಗಂಟೆ. ಹಗಲು ರಾತ್ರಿ ಸೇರಿಸಿ ಪೂರ್ತಿ 25 ದಿನ ನಾನು ಎರಡನೇ ಗೇರಿನಲ್ಲಿ ಬದುಕಿದ್ದೇನೆ. ಸಂಜೆ ಮನೆ ಮುಂದೆ ಗಾಡಿ ಆಫ್ ಮಾಡಿದ ಮೇಲೂ ಹತ್ತು ನಿಮಿಷ ಸೀಟಿನಲ್ಲೇ ಕೂತಿರುತ್ತಿದ್ದೆ, ಇಳಿಯಲೂ ಬೇಜಾರು. ಮಗ ಬಾಲ್ಕನಿಯಿಂದ ಕೈ ಬೀಸಿ, ಬೀಸಿ, ಒಳಗೆ ಹೋಗಿಬಿಡುತ್ತಿದ್ದ. ಆ ಬಾಲ್ಕನಿಯಲ್ಲಿ ನಾನು ಕೂತದ್ದು ಎಷ್ಟು ದಿನ ಅಂತ ಬೆರಳಲ್ಲಿ ಎಣಿಸಬಹುದು.

ಬ್ರೂನೋ ಫ್ರೈ, ಅಲೋಯಿಸ್ ಸ್ಟುಟ್ಸರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಜನರ ಮಾಹಿತಿ ಇಟ್ಟುಕೊಂಡು ಇದನ್ನೇ ನೋಡಿದ್ದಾರೆ, 2008ರಲ್ಲಿ ಪ್ರಕಟವಾಯಿತು. ದೂರ ಓಡಾಡುವವರು ಅದಕ್ಕೆ ಬದಲಾಗಿ ಕಡಿಮೆ ಬಾಡಿಗೆಯೋ, ಒಳ್ಳೆ ಮನೆಯೋ, ಜಾಸ್ತಿ ಸಂಬಳವೋ ಪಡೆದು ಸರಿತೂಗಿಸಿಕೊಂಡಿರಬೇಕು ಅಲ್ವಾ? ಆದರೆ ಸರಿತೂಗಿರಲಿಲ್ಲ. ಓಡಾಟ ಜಾಸ್ತಿಯಾದಷ್ಟೂ ಬದುಕಿನ ಬಗ್ಗೆ ತೃಪ್ತಿ ಕಡಿಮೆ ಎಂದೇ ಅವರು ಹೇಳಿದ್ದರು. ನಾನು ಇದನ್ನು ಓದಿದ್ದು ಅಡ್ವಾನ್ಸ್ ಕೊಟ್ಟು ಎರಡು ವರ್ಷ ಆದ ಮೇಲೆ.

ಇನ್ನೊಂದು, ಬಾಡಿಗೆ ಕಡಿಮೆ ಎಂದು ಬರೆದಿದ್ದೀರಿ. ಬಾಡಿಗೆಯೊಂದನ್ನೇ ಹೋಲಿಸಬೇಡಿ. ಬಾಡಿಗೆ ಜೊತೆ ಓಡಾಟದ ಖರ್ಚನ್ನೂ ಕೂಡಿಸಿ, ಆಮೇಲೆ ಎರಡು ಮನೆಗಳನ್ನು ಪಕ್ಕ ಪಕ್ಕ ಇಡಿ. ಷಿಕಾಗೋದ ಸಂಸ್ಥೆಯೊಂದು ಹೀಗೆ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತದೆ, ಎರಡೂ ಸೇರಿ ಆದಾಯದ ಶೇ. 45 ದಾಟಬಾರದು ಎನ್ನುವುದು ಅವರ ಮಿತಿ. ನಮ್ಮ ಮನೆಯಲ್ಲಿ ಎರಡನೇ ಗಾಡಿ ಕೊಂಡ ತಿಂಗಳೇ ಉಳಿತಾಯದ ಲೆಕ್ಕ ಉಲ್ಟಾ ಹೊಡೆಯಿತು.

ಟಿಫನ್ ಬಾಕ್ಸ್

ಸ್ಕೂಲ್ ಮೊದಲು ನೋಡಿ. ಮಗಳಿಗೆ ಸೀಟು ಸಿಕ್ಕಿದ ಕಡೆ ಮನೆ. ನಾವು ಉಲ್ಟಾ ಮಾಡಿ ಒಂದು ವರ್ಷ ಪಾಡುಪಟ್ಟೆವು.

ಹಿತ್ತಲ ಗಿಡ

ಎಲ್ಲರೂ ಸೇರಿ ಹೊರವಲಯಕ್ಕೆ ಬೈಯುತ್ತಿದ್ದೀರಿ, ನಾನು ಸ್ವಲ್ಪ ಅದರ ಪರ ಮಾತಾಡುತ್ತೇನೆ.

ನಾವು ಸಿಟಿ ಮಧ್ಯದಿಂದ ಆಚೆ ಹೋದವರು, ನೆಮ್ಮದಿಯಾಗಿದ್ದೇವೆ. ಹಳೇ ಮನೆಯಲ್ಲಿ ಬೆಡ್‌ರೂಮಿನ ಕಿಟಕಿ ಮೇನ್ ರೋಡಿಗೆ ತೆರೆಯುತ್ತಿತ್ತು. ರಾತ್ರಿ ಎರಡಕ್ಕೂ ಲಾರಿ ಸದ್ದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ರಾತ್ರಿ ಹೊತ್ತು ರಸ್ತೆಯ ಸದ್ದು ಮನೆ ಹೊರಗೆ ಸರಾಸರಿ 45 ಡೆಸಿಬೆಲ್ ದಾಟಬಾರದು ಎಂದಿದೆ. ನಮ್ಮ ಕಿಟಕಿಯಲ್ಲಿ ಫೋನಿನ ಆ್ಯಪ್ ಹಿಡಿದರೆ 60ಕ್ಕಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ (ಫೋನ್ ಲೆಕ್ಕ ಪಕ್ಕಾ ಅಲ್ಲ ಬಿಡಿ, ಆದರೂ). ಸೆಕೆಯೂ ಹಾಗೇ. ಗೋಡೆ, ಡಾಂಬರು ಎಲ್ಲ ಹಗಲು ಕಾದು ರಾತ್ರಿ ಶಾಖ ಬಿಡುತ್ತವೆ. ಲೂಕ್ ಹೋವರ್ಡ್ ಎನ್ನುವವರು 200 ವರ್ಷದ ಹಿಂದೆಯೇ ಲಂಡನ್ನಿನಲ್ಲಿ ಥರ್ಮಾಮೀಟರ್ ಇಟ್ಟು, ರಾತ್ರಿ ಊರೊಳಗೆ ಸುತ್ತಲ ಹಳ್ಳಿಗಿಂತ ಬಿಸಿ ಜಾಸ್ತಿ ಎಂದು ತೋರಿಸಿದ್ದರು. ಹೊಸ ಮನೆಯಲ್ಲಿ ಮೊದಲ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ, ಅಷ್ಟು ಸದ್ದಿಲ್ಲ!

ಆದರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಾನು ಆಫೀಸಿಗೆ ಹೋಗುವುದು ವಾರಕ್ಕೆ ಒಂದೇ ದಿನ, ಅದೂ ರೈಲಿನಲ್ಲಿ, ಸೀಟು ಸಿಗುತ್ತದೆ, ಓದಿಕೊಂಡು ಹೋಗುತ್ತೇನೆ. ಐದು ದಿನ ಸ್ಟೀರಿಂಗ್ ಹಿಡಿಯಬೇಕಿದ್ದರೆ ನಾನೂ ಮೇಲಿನವರ ಹಾಗೇ ಬರೆಯುತ್ತಿದ್ದೆನೇನೋ. ನಿಮಗೆ ವಾರಕ್ಕೆ ಎಷ್ಟು ದಿನ ಆಫೀಸು? ಅದನ್ನು ನೀವು ಬರೆದೇ ಇಲ್ಲ.

ಸೂಟ್‌ಕೇಸ್

ನನಗೆ ಮೂರು ದಿನ. ನಮ್ಮನೆಯವರಿಗೆ ಕೆಲಸ ಇನ್ನೂ ಹುಡುಕಬೇಕು, ಐದು ದಿನವೂ ಆಗಬಹುದು.

ನಕ್ಷೆ ಹುಚ್ಚ

ಹಾಗಿದ್ದರೆ ಮೊದಲ ಪ್ರಶ್ನೆ ಊರಿನದ್ದು, ಮನೆಯದ್ದು ಆಮೇಲೆ. ಒಬ್ಬರೇ ದುಡಿಯುವುದಾದರೆ ಚಿಕ್ಕ ಊರು ಚೆನ್ನ. ಇಬ್ಬರೂ ದುಡಿಯುವ ಮನೆಗೆ ಲೆಕ್ಕವೇ ಬೇರೆ. ದೊಡ್ಡ ನಗರದ ಬಾಡಿಗೆಯಲ್ಲಿ ಒಂದು ಪಾಲು ನೀವು ಕೊಡುವುದೇ 'ಈ ಕೆಲಸ ಹೋದರೆ ಊರು ಬಿಡದೆ ಇನ್ನೊಂದು ಸಿಗುತ್ತದೆ' ಎನ್ನುವ ಧೈರ್ಯಕ್ಕೆ. ಒಂದೋ ಎರಡೋ ಕಂಪನಿ ಇರುವ ಕಡೆ ನಿಮ್ಮವರ ಕೆಲಸ ಹೋದರೆ ಮತ್ತೆ ಪೆಟ್ಟಿಗೆ ಕಟ್ಟಬೇಕು, ಮಗಳ ಸ್ಕೂಲ್ ಸಮೇತ. ನಿಮ್ಮ ಜಾಗದಲ್ಲಿ ನಾನಿದ್ದರೆ ದೊಡ್ಡ ನಗರವನ್ನೇ ಒಪ್ಪಿಕೊಳ್ಳುತ್ತಿದ್ದೆ.

ಇನ್ನು ದೂರ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ದರು, ಮನುಷ್ಯರು ಯಾವ ಕಾಲದಲ್ಲೂ ದಿನಕ್ಕೆ ಸುಮಾರು ಒಂದು ಗಂಟೆ ಓಡಾಡುತ್ತಾರೆ ಎಂದು. ಹೋಗಲು ಅರ್ಧ, ಬರಲು ಅರ್ಧ. ಕೋಟೆ ಕಟ್ಟಿದ ಹಳೇ ಪಟ್ಟಣಗಳು ಈ ತುದಿಯಿಂದ ಆ ತುದಿಗೆ ಐದು ಕಿಲೋಮೀಟರಿಗಿಂತ ದೊಡ್ಡದಾಗಿ ಬೆಳೆಯದಿದ್ದುದಕ್ಕೂ ಅವರು ಕೊಡುವ ಕಾರಣ ಇದೇ: ನಡುವಿನಿಂದ ಅರ್ಧ ಗಂಟೆ ನಡೆದರೆ ಗೋಡೆ ಸಿಗಬೇಕು. ಆದ್ದರಿಂದ 28 ಕಿಲೋಮೀಟರ್ ಎಂಬ ಲೆಕ್ಕ ಬಿಡಿ, ನಿಮಿಷ ಎಣಿಸಿ. ಸ್ಟೇಷನ್ ಪಕ್ಕದ 20 ಕಿಲೋಮೀಟರ್ ಒಂದೊಂದು ಸಲ ಬಸ್ಸಿಲ್ಲದ ಎಂಟು ಕಿಲೋಮೀಟರಿಗಿಂತ ಹತ್ತಿರ.

ಬ್ರೋಕರ್ ಹೇಳುವ ಮೆಟ್ರೋ ಓಡುತ್ತಿದ್ದರೆ ಇದೆ ಎಂದುಕೊಳ್ಳಿ, ಇಲ್ಲದಿದ್ದರೆ ಇಲ್ಲ. ಕಂಬ ಎದ್ದಿದೆ ಎನ್ನುವುದೂ ಲೆಕ್ಕಕ್ಕಿಲ್ಲ. 'ರೋಡ್ ಅಗಲ ಮಾಡುತ್ತಾರೆ, ಟ್ರಾಫಿಕ್ ಹೋಗುತ್ತದೆ' ಎಂದರೂ ನಂಬಬೇಡಿ. ಡ್ಯುರಾಂಟನ್, ಟರ್ನರ್ ಎಂಬಿಬ್ಬರು 2011ರಲ್ಲಿ ಅಮೆರಿಕದ ನಗರಗಳ ಲೆಕ್ಕ ತೆಗೆದು ತೋರಿಸಿದ್ದಾರೆ: ಹೆದ್ದಾರಿ ಎಷ್ಟು ಹೆಚ್ಚಿಸಿದರೋ ಗಾಡಿ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿತು.

ಕೊನೆಗೆ ನನ್ನ ಒಂದು ಚಟ. ಯಾವ ಮನೆ ನೋಡಿದರೂ ನಾನು ಕಾಂಪೌಂಡ್ ಗೋಡೆಯ ಬುಡ ನೋಡುತ್ತೇನೆ. ಒಮ್ಮೆ ಒಂದು ಬೀದಿಯಲ್ಲಿ ಎಲ್ಲ ಗೋಡೆಗೂ ಮಂಡಿ ಎತ್ತರಕ್ಕೆ ಮಾತ್ರ ಹೊಸ ಬಣ್ಣ. ಒಂದು ಗೋಡೆಗೆ ಮಾತ್ರ ಬಳಿದಿರಲಿಲ್ಲ, ಅಲ್ಲಿ ಅದೇ ಎತ್ತರಕ್ಕೆ ಕಂದು ಗೆರೆ ಎಳೆದ ಹಾಗಿತ್ತು. ನೀರು ನಿಂತ ಗುರುತು. ಬ್ರೋಕರ್ ಏನೂ ಹೇಳಲಿಲ್ಲ, ನಾನೂ ಏನೂ ಕೇಳದೆ ವಾಪಸ್ ಬಂದೆ. ಮನೆ ತಗ್ಗಿನಲ್ಲಿದೆಯಾ, ಪಕ್ಕದಲ್ಲಿ ಮುಚ್ಚಿಹಾಕಿದ ಕೆರೆಯೋ ಕಾಲುವೆಯೋ ಇತ್ತಾ, ಇದನ್ನೆಲ್ಲ ಹಳೇ ನಕ್ಷೆಯಲ್ಲಿ ನೋಡಿ. ಸಾಧ್ಯವಾದರೆ ಮಳೆ ದಿನವೇ ಹೋಗಿ.

ಎರಡನೇ ಗೇರ್

ನಕ್ಷೆಯವರ ಮಾತಿಗೆ ಒಂದು ಸೇರಿಸುತ್ತೇನೆ. ಮೊದಲ ವರ್ಷ ಕೊಂಡುಕೊಳ್ಳುವ ಯೋಚನೆ ಬೇಡ, ಬಾಡಿಗೆಯಲ್ಲೇ ಇರಿ. ನನ್ನ ಸಹೋದ್ಯೋಗಿಯೊಬ್ಬರು ಆಫೀಸಿಗೆ ಹತ್ತಿರ ಅಂತ ಸಾಲ ಮಾಡಿ ಫ್ಲಾಟ್ ಕೊಂಡರು, ಎಂಟೇ ತಿಂಗಳಿಗೆ ಆಫೀಸು ಊರಿನ ಇನ್ನೊಂದು ತುದಿಗೆ ಹೋಯಿತು.

ಸೂಟ್‌ಕೇಸ್

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ದೊಡ್ಡ ನಗರಕ್ಕೆ ಹ್ಞೂಂ ಎಂದೆವು. ನಿಮ್ಮೆಲ್ಲರ ಮಾತು ಕೇಳಿ ಇಬ್ಬರೂ ರಜೆ ಹಾಕಿ ಹೋಗಿ, ಆ ಬಾಲ್ಕನಿ ಮನೆ ಹತ್ತಿರ ಎರಡು ರಾತ್ರಿ ಉಳಿದೆವು. ಮಂಗಳವಾರ ಬೆಳಗ್ಗೆ ಎಂಟಕ್ಕೆ ಆಫೀಸಿಗೆ ಹೊರಟ ಹಾಗೇ ಹೊರಟೆವು. 95 ನಿಮಿಷ! ಅರ್ಧ ದಾರಿಯಲ್ಲಿ ನಮ್ಮನೆಯವರು 'ವಾಪಸ್ಸೂ ಇದೇ ದಾರಿ ಅಲ್ವಾ' ಅಂದರು. ಅಷ್ಟೇ, ಬಾಲ್ಕನಿ ಆಸೆ ಅಲ್ಲೇ ಬಿಟ್ಟೆ.

ಸಿಟಿ ಮಧ್ಯದ ಮನೆಯೂ ಬೇಡ ಅನ್ನಿಸಿತು. ಕಿಟಕಿ ತೆಗೆದರೆ ಪಕ್ಕದ ಬಿಲ್ಡಿಂಗ್ ಗೋಡೆ, ಕೈಗೆ ಸಿಗುವ ಹಾಗೆ. ರೈಲು ಲೈನಿನಲ್ಲಿ ಆಫೀಸಿನಿಂದ ಐದು ಸ್ಟೇಷನ್ ಆಚೆ ಒಂದು ಏರಿಯಾ ಇಬ್ಬರಿಗೂ ಹಿಡಿಸಿತು. ಮನೆ ಬಾಗಿಲಿಂದ ಆಫೀಸ್ ಬಾಗಿಲಿಗೆ 40 ನಿಮಿಷ, ಸ್ಕೂಲ್ ನಡೆದು ಹೋಗುವಷ್ಟು ಹತ್ತಿರ, ಸೀಟೂ ಇದೆಯಂತೆ. ಒಂದು ಮನೆ ಓಕೆ ಮಾಡಿ ಅತ್ತೆಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: 'ಲಿಫ್ಟ್ ಎಲ್ಲಿ?' ಮೂರನೇ ಮಹಡಿ, ಲಿಫ್ಟ್ ಇಲ್ಲ. ನನ್ನ 14 ವಿಷಯಗಳಲ್ಲಿ ಅದು ಇರಲೇ ಇಲ್ಲ. ಈಗ ಅದೇ ಏರಿಯಾದಲ್ಲಿ ಗ್ರೌಂಡ್ ಫ್ಲೋರ್ ಹುಡುಕುತ್ತಿದ್ದೇವೆ.

ನಕ್ಷೆ ಹುಚ್ಚ

ಗ್ರೌಂಡ್ ಫ್ಲೋರಾ? ಹಾಗಾದರೆ ಗೋಡೆ ಬುಡ ಎರಡು ಸಲ ನೋಡಿ.