ಬ್ಯಾಗ್ ಪೂರ್ತಿ ಎಂವಿಪಿ ಕಂಪನಿಯ ಡಿಸ್ಕ್ ಮಾಡಿಕೊಳ್ಳಲಾ? ನಿಮ್ಮ ಬ್ಯಾಗಲ್ಲಿ ಏನೇನಿದೆ?

ಗಿಡಕ್ಕೆ_ಹೊಡೆದೋನು (ಶಾರ್ಲಟ್)

ಎಲ್ಲರಿಗೂ ನಮಸ್ಕಾರ. ನಾನಿರುವುದು ನಾರ್ತ್ ಕೆರೊಲಿನಾದ ಶಾರ್ಲಟ್‌ನಲ್ಲಿ. ಡಿಸ್ಕ್ ಗಾಲ್ಫ್ (ಪ್ಲಾಸ್ಟಿಕ್ ಡಿಸ್ಕ್ ಎಸೆದು ಆದಷ್ಟು ಕಮ್ಮಿ ಎಸೆತದಲ್ಲಿ ಬಾಸ್ಕೆಟ್‌ಗೆ ಹಾಕುವ ಆಟ) ಶುರು ಮಾಡಿ ಒಂದೂವರೆ ವರ್ಷ ಆಯಿತು. ಆಫೀಸಿನ ಗೆಳೆಯನೊಬ್ಬ ಹಾರ್ನೆಟ್ಸ್ ನೆಸ್ಟ್ ಪಾರ್ಕಿಗೆ ಕರೆದುಕೊಂಡು ಹೋದ, ಮೊದಲ ದಿನವೇ ಮೂರು ಪೈನ್ ಮರಗಳ ತೊಗಟೆ ಎಬ್ಬಿಸಿ ಬಂದೆ, ಆವತ್ತಿನಿಂದ ಶನಿವಾರ ಬೆಳಗ್ಗೆ ನಾನು ಮನೆಯಲ್ಲಿ ಇರುವುದೇ ಇಲ್ಲ. ಹೆಂಡತಿ ಇದಕ್ಕೆ 'ತಟ್ಟೆ ಎಸೆದು ತಟ್ಟೆ ಹುಡುಕೋ ಆಟ' ಎಂದು ಹೆಸರಿಟ್ಟಿದ್ದಾಳೆ. ತಪ್ಪೇನಿಲ್ಲ ಬಿಡಿ.

ವಿಷಯಕ್ಕೆ ಬರುತ್ತೇನೆ. ನನ್ನ ಬ್ಯಾಗಲ್ಲಿ 13 ಡಿಸ್ಕ್ ಇವೆ, ಐದು ಕಂಪನಿಯವು. ಪಟ್ಟಿಂಗಿಗೆ (ಬಾಸ್ಕೆಟ್‌ಗೆ ಹಾಕುವ ಕೊನೆಯ ಎಸೆತಕ್ಕೆ) ಇನೋವಾ ಏವಿಯಾರ್, ಮಧ್ಯದ ದೂರಕ್ಕೆ ಡಿಸ್ಕ್‌ಕ್ರಾಫ್ಟ್ ಬಜ್, ಉದ್ದದ ಎಸೆತಕ್ಕೆ ಒಂದು ಲೆಪರ್ಡ್, ಒಂದು ಟೀಬರ್ಡ್, ಎರಡು ಡೆಸ್ಟ್ರಾಯರ್ (ಒಂದನ್ನು ಬಣ್ಣ ನೋಡಿ ಕೊಂಡೆ, ನಗಬೇಡಿ). ಉಳಿದವನ್ನು ಯಾಕೆ ಕೊಂಡೆ ಎಂದು ನನಗೇ ಗೊತ್ತಿಲ್ಲ. ಹೋದ ವಾರ ಗೆಳೆಯ ಅವನ ಎಂವಿಪಿ ವೋಲ್ಟ್ ಡಿಸ್ಕ್ ಎಸೆಯಲು ಕೊಟ್ಟ. ಅವನ ಬ್ಯಾಗ್ ಪೂರ್ತಿ ಎಂವಿಪಿ ಮತ್ತು ಅವರದೇ ಇನ್ನೊಂದು ಬ್ರ್ಯಾಂಡ್ ಆಕ್ಸಿಯಮ್. ಅದನ್ನು ಎಸೆದೆ ನೋಡಿ, ನೂಲು ಹಿಡಿದ ಹಾಗೆ ನೇರ ಹೋಯಿತು, ಕೊನೆಯಲ್ಲಿ ಚೂರು ಎಡಕ್ಕೆ ವಾಲಿ ಕೂತಿತು. ನನ್ನ ಡೆಸ್ಟ್ರಾಯರ್ 200 ಅಡಿಗೇ ಎಡಕ್ಕೆ ತಿರುಗಿ ಕಾಡು ಸೇರುತ್ತದೆ. ಅವತ್ತಿನಿಂದ ತಲೆಯಲ್ಲಿ ಇದೇ.

ಎಂವಿಪಿ ಡಿಸ್ಕಿನ ಅಂಚಿಗೆ ಬೇರೆ ಪ್ಲಾಸ್ಟಿಕ್, ನಡುವೆ ಬೇರೆ ಪ್ಲಾಸ್ಟಿಕ್ ಎನ್ನುತ್ತಾರಲ್ಲ, ಅದರಿಂದ ನಿಜವಾಗಿ ಏನಾದರೂ ಆಗುತ್ತದಾ ಅಥವಾ ಮಾರೋಕೆ ಕಟ್ಟಿದ ಕಥೆನಾ? ಎಲ್ಲಾ ಮಾರಿ ಒಂದೇ ಕಂಪನಿಗೆ ಹೋಗಲಾ? ನೀವೆಲ್ಲ ಏನು ಹೊತ್ತುಕೊಂಡು ತಿರುಗುತ್ತೀರಿ?

ಕರಿಅಂಚಿನ_ಪಂಚೆ (ಮಿಷಿಗನ್)

ಹೆಸರು ನೋಡಿದರೆ ನಾನು ಯಾವ ಕಡೆ ಎಂದು ಗೊತ್ತಾಗಿರಬೇಕು. ಎಂವಿಪಿ ಡಿಸ್ಕಿನ ಅಂಚು ಕಪ್ಪು, ಆಕ್ಸಿಯಮ್‌ನದು ಬಣ್ಣದ ಅಂಚು, ಒಳ್ಳೆ ಇಳಕಲ್ ಸೀರೆ ಥರ. ಸ್ಟ್ರೀಮ್‌ಲೈನ್ ಕೂಡ ಅವರದೇ, ಆದರೆ ಅದರಲ್ಲಿ ಎರಡು ಪ್ಲಾಸ್ಟಿಕ್ ಇಲ್ಲ, ಒಂದೇ ಅಚ್ಚು. ಮೂರೂ ಬರುವುದು ನಮ್ಮದೇ ರಾಜ್ಯದ ಮಾರ್ಲೆಟ್ ಎನ್ನುವ ಸಣ್ಣ ಊರಿನಿಂದ. 2010ರಲ್ಲಿ ಅಯಾನ್ ಎಂಬ ಪಟ್ಟರ್‌ನಿಂದ ಶುರು ಮಾಡಿದರು.

ಕಥೆ ಅಲ್ಲ ಗುರು, ಅದರ ಹಿಂದೆ ಲೆಕ್ಕ ಇದೆ. ಕುಂಬಾರನ ತಿಗರಿ ನೋಡಿದ್ದೀರಲ್ಲ? ಭಾರ ಅಂಚಿನಲ್ಲಿ ಇರುವುದರಿಂದ ಕೋಲಲ್ಲಿ ಒಮ್ಮೆ ತಿರುಗಿಸಿಬಿಟ್ಟರೆ ಮಡಕೆ ಆಗುವ ತನಕ ತಿರುಗುತ್ತಲೇ ಇರುತ್ತದೆ. ಇಲ್ಲೂ ಅದೇ. ಅಂಚಿಗೆ ಭಾರದ ಪ್ಲಾಸ್ಟಿಕ್, ನಡುವಿಗೆ ಹಗುರದ್ದು. ತಿರುಗುವುದು ಬೇಗ ಕಮ್ಮಿಯಾಗುವುದಿಲ್ಲ, ಗಾಳಿ ತಳ್ಳಿದರೂ ಡಿಸ್ಕ್ ಬೇಗ ವಾಲುವುದಿಲ್ಲ.

ನನ್ನ ಬ್ಯಾಗ್: ಪಟ್ಟಿಂಗಿಗೂ ಹತ್ತಿರದ ಎಸೆತಕ್ಕೂ ಎನ್ವಿ ನಾಲ್ಕು (ಎರಡು ಎಲೆಕ್ಟ್ರಾನ್ ಪ್ಲಾಸ್ಟಿಕ್, ಎರಡು ನ್ಯೂಟ್ರಾನ್), ಹೆಕ್ಸ್ ಒಂದು, ಕ್ರೇವ್ ಎರಡು, ವೋಲ್ಟ್ ಎರಡು, ಗಾಳಿ ಇದ್ದ ದಿನಕ್ಕೆ ಒಂದು ಭಾರಿ ಓವರ್‌ಸ್ಟೇಬಲ್ (ಜೋರಾಗಿ ಎಡಕ್ಕೆ ವಾಲುವ) ಡಿಸ್ಕ್. ಎನ್ವಿ ಯಾಕೆ ಎಂದರೆ 2021ರ ವಿಶ್ವ ಚಾಂಪಿಯನ್‌ಶಿಪ್. ಯೂಟಾದ ಆಗ್ಡೆನ್‌ನಲ್ಲಿ, ಕೊನೆಯ ಹೋಲ್‌ನಲ್ಲಿ, ಜೇಮ್ಸ್ ಕಾನ್ರಾಡ್ 247 ಅಡಿ ದೂರದಿಂದ ನೇರ ಬಾಸ್ಕೆಟ್‌ಗೆ ಎಸೆದ. ಎದುರಾಳಿ ಪಾಲ್ ಮೆಕ್‌ಬೆತ್ ಗೆದ್ದೇ ಬಿಟ್ಟ ಎಂದು ಎಲ್ಲರೂ ಅಂದುಕೊಂಡಿದ್ದರು. ಸ್ಕೋರ್ ಸಮ ಆಯಿತು, ಪ್ಲೇಆಫ್‌ನಲ್ಲಿ ಕಾನ್ರಾಡ್ ಗೆದ್ದ. ಕೈಯಲ್ಲಿದ್ದದ್ದು ಎನ್ವಿ. ಆ ವಿಡಿಯೊ ನೋಡಿ ಎನ್ವಿ ಕೊಂಡವರು ನಾನೊಬ್ಬನೇ ಅಲ್ಲ. ನನ್ನದು ಮಾತ್ರ ಇನ್ನೂ 24 ಅಡಿಯಿಂದಲೂ ಸರಿಯಾಗಿ ಬೀಳುತ್ತಿಲ್ಲ.

ಹಳೇ_ರಾಕ್ (ಸ್ಯಾನ್ ಹೋಸೆ)

ಪಂಚೆಯವರೇ, ತಿಗರಿ ಚೆನ್ನಾಗಿದೆ, ಆದರೆ ಒಂದು ಮಾತು ಬಿಟ್ಟಿರಿ. ಯಾವ ಕಂಪನಿಯ ಡಿಸ್ಕ್ ಆದರೂ ಅಂಚು ದಪ್ಪ, ನಡು ತೆಳುವೇ ಅಲ್ವಾ? ಭಾರ ಆಗಲೇ ಅಂಚಿನಲ್ಲಿದೆ. ಎರಡು ಪ್ಲಾಸ್ಟಿಕ್ ಹಾಕಿದರೆ ಅದು ಇನ್ನಷ್ಟು ಅಂಚಿಗೆ ಹೋಗುತ್ತದೆ, ಅಷ್ಟೇ. ವ್ಯತ್ಯಾಸ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಡೆಸ್ಟ್ರಾಯರ್ ಕಾಡಿಗೆ ಹೋಗಿ ವೋಲ್ಟ್ ನೇರ ಹೋಗಿದ್ದಕ್ಕೆ ಅದು ಕಾರಣ ಅಲ್ಲ.

ಗಿಡಕ್ಕೆ ಹೊಡೆದೋರೇ, ಡಿಸ್ಕಿನ ಮೇಲಿರುವ ಸಂಖ್ಯೆ ಓದಿ. ಡೆಸ್ಟ್ರಾಯರ್ 12, 5, -1, 3. ವೋಲ್ಟ್ 8, 5, -0.5, 2. ಎರಡನೆಯದು ತೇಲುವುದು, ಮೂರನೆಯದು ಬಲಕ್ಕೆ ತಿರುಗುವುದು, ನಾಲ್ಕನೆಯದು ಕೊನೆಗೆ ಎಡಕ್ಕೆ ವಾಲುವುದು. ಮೊದಲನೆಯದು ವೇಗ. ಅದು ಡಿಸ್ಕ್ ಕೊಡುವ ವೇಗ ಅಲ್ಲ, ಡಿಸ್ಕ್ ನಿಮ್ಮಿಂದ ಕೇಳುವ ವೇಗ. 12 ಕೇಳುವ ಡಿಸ್ಕಿಗೆ ನೀವು 8 ಕೊಟ್ಟರೆ ಅದು ಹಾರುವುದೇ ಇಲ್ಲ, ಕೊನೆಯ ಸಂಖ್ಯೆ ಇದೆಯಲ್ಲ ಆ 3, ಅದು ಮಾತ್ರ ಕೆಲಸ ಮಾಡುತ್ತದೆ, ಅಂದರೆ ಬಲಗೈ ಬ್ಯಾಕ್‌ಹ್ಯಾಂಡ್‌ಗೆ ಸೀದಾ ಎಡಕ್ಕೆ. ನೀವು ಹೋಲಿಸುತ್ತಿರುವುದು ಎರಡು ಕಂಪನಿಗಳನ್ನಲ್ಲ, ಎರಡು ವೇಗಗಳನ್ನು. ಬೇಜಾರು ಮಾಡಿಕೊಳ್ಳಬೇಡಿ, ಕುಣಿಯಲಾರದವಳಿಗೆ ನೆಲ ಡೊಂಕು ಎಂದ ಹಾಗೆ ಆಗಿದೆ. ನಿಮ್ಮ ಬ್ಯಾಗಲ್ಲೇ ಟೀಬರ್ಡ್ ಇದೆ, 7, 5, 0, 2. ಅದನ್ನು ವೋಲ್ಟ್ ಪಕ್ಕ ನಿಲ್ಲಿಸಿ ಎಸೆದು ನೋಡಿ, ಆಮೇಲೆ ದುಡ್ಡು ಬಿಚ್ಚಿ.

ನನ್ನ ಬ್ಯಾಗ್ ಹೇಳಿದರೆ ನಗುತ್ತೀರಿ. ಇನೋವಾ ರಾಕ್ (ಮಧ್ಯದ ದೂರದ ಡಿಸ್ಕ್), ಡಿಎಕ್ಸ್ ಪ್ಲಾಸ್ಟಿಕ್, ಮೂರು. 1987ರ ಅಚ್ಚಿನ ವಂಶ. ಹತ್ತು ಡಾಲರ್ ಆಸುಪಾಸು ಸಿಗುವ ಅಗ್ಗದ ಪ್ಲಾಸ್ಟಿಕ್. ಡಿಎಕ್ಸ್ ಬೇಗ ಸವೆಯುತ್ತದೆ ಎಂದು ಎಲ್ಲರೂ ಬೈಯುತ್ತಾರೆ, ನಾನು ಅದಕ್ಕೇ ಕೊಳ್ಳುವುದು. ಹೊಸದು ಎಡಕ್ಕೆ ವಾಲುತ್ತದೆ. ಒಂದು ವರ್ಷ ಮರಕ್ಕೆ, ಕಲ್ಲಿಗೆ ಬಡಿದ ಮೇಲೆ ನೇರ ಹೋಗುತ್ತದೆ. ಮೂರು ವರ್ಷ ಹಳೆಯದು ಬಲಕ್ಕೆ ತಿರುಗಿ ತೇಲುತ್ತದೆ. ಮೂರಕ್ಕೂ ಹಿಡಿತ ಒಂದೇ, ಕೈಗೆ ಹೊಸ ಪಾಠ ಬೇಡ, ಆದರೆ ಮೂರು ದಾರಿ. ಸಾಂತಾ ಕ್ರೂಜ್‌ನ ಡೆಲಾವೀಗಾ ಕೋರ್ಸ್‌ನಲ್ಲಿ ಮರಗಳ ಮಧ್ಯೆ ಇದಕ್ಕಿಂತ ಜಾಸ್ತಿ ಏನೂ ಬೇಕಾಗಿಲ್ಲ ನನಗೆ. ಗಟ್ಟಿ ಪ್ಲಾಸ್ಟಿಕ್ಕಿನ ಡಿಸ್ಕ್ ಹತ್ತು ವರ್ಷ ಒಂದೇ ಥರ ಇರುತ್ತದೆ ಎಂದು ಹೊಗಳುತ್ತಾರೆ. ನನಗೆ ಅದೇ ಬೇಜಾರು.

ಇನ್ನು ಆಟಗಾರರನ್ನು ನೋಡಿ ಕಂಪನಿ ಆರಿಸಬೇಡಿ. ಮೆಕ್‌ಬೆತ್ ಇನೋವಾದಲ್ಲಿ ಗೆದ್ದ, 2019ರಲ್ಲಿ ಡಿಸ್ಕ್‌ಕ್ರಾಫ್ಟ್‌ಗೆ ಹೋದ, ಅಲ್ಲೂ ಗೆದ್ದ. 2021ರಲ್ಲಿ ಹತ್ತು ವರ್ಷಕ್ಕೆ ಒಂದು ಕೋಟಿ ಡಾಲರ್ ಒಪ್ಪಂದ ಆಯಿತು. ಅವನಿಗೆ ಅವರು ದುಡ್ಡು ಕೊಡುತ್ತಾರೆ, ನಾವು ಅವರಿಗೆ ಕೊಡುತ್ತೇವೆ.

ಮಿಡ್‌ರೇಂಜ್_ಮಲ್ಲಿಗೆ (ಡೆನ್ವರ್)

ಹಳೇ ರಾಕ್ ಸರ್, ಮೂರು ರಾಕ್ ಸಾಕು ಎನ್ನುವುದು 350 ಅಡಿ ಎಸೆಯುವವರ ಮಾತು. ನಾನು ಪೂರ್ತಿ ಜೋರು ಹಾಕಿದರೂ 220 ಅಡಿ. ನನ್ನಂಥವರಿಗೆ ಕಂಪನಿಗಿಂತ ತೂಕ ಮುಖ್ಯ. ಇದನ್ನು ಯಾರೂ ಹೇಳುವುದಿಲ್ಲ, ಎಲ್ಲರೂ 175 ಗ್ರಾಂ ತೆಗೆದುಕೋ, ಗಾಳಿಗೆ ತಡೆಯುತ್ತದೆ ಎನ್ನುತ್ತಾರೆ. ನಾನು ಒಂದು ವರ್ಷ ಅದನ್ನೇ ಎಸೆದು ಮೊಣಕೈ ನೋಯಿಸಿಕೊಂಡೆ. 150ರ ಆಸುಪಾಸಿನ ಡಿಸ್ಕಿಗೆ ಬಂದ ಮೇಲೆ ಮೊದಲ ಸಲ ನನ್ನ ಡಿಸ್ಕ್ ಬಲಕ್ಕೆ ಹೋಗಿ ವಾಪಸ್ ಬಂದಿದ್ದು ನೋಡಿದೆ. ಕುಣಿದುಬಿಟ್ಟೆ!

ಎಂವಿಪಿಯಲ್ಲಿ ನನಗೆ ಇಷ್ಟವಾದದ್ದು ಅಂಚಲ್ಲ, ಫಿಷನ್ ಪ್ಲಾಸ್ಟಿಕ್. ಒಳಗೆ ಸಣ್ಣ ಸಣ್ಣ ಗುಳ್ಳೆ ಇರುವುದರಿಂದ ಹಗುರ, ಆದರೂ ಗಟ್ಟಿ. ಫಿಷನ್ ಕ್ರೇವ್ ನನ್ನ ಬ್ಯಾಗಿನ ರಾಣಿ. ಅದರ ಪಕ್ಕ ಲೆಪರ್ಡ್ ಒಂದು, ಬಜ್ ಒಂದು, ಎರಡು ಪಟ್ಟರ್. ಐದೇ. ಬೆನ್ನಿಗೂ ಆರಾಮ.

ಇನ್ನೊಂದು. ಡೆನ್ವರ್ ಇರುವುದು 5,280 ಅಡಿ ಎತ್ತರದಲ್ಲಿ, ಗಾಳಿ ತೆಳು. ಇಲ್ಲಿ ಎಲ್ಲಾ ಡಿಸ್ಕೂ ಬರೆದಿರುವ ಸಂಖ್ಯೆಗಿಂತ ಜಾಸ್ತಿ ಎಡಕ್ಕೆ ಬೀಳುತ್ತವೆ. ಶಾರ್ಲಟ್‌ನಲ್ಲಿ ನೇರ ಹೋಗುವ ವೋಲ್ಟ್ ಇಲ್ಲಿಗೆ ತಂದು ನೋಡಿ ಸರ್, ಬೇರೆ ಯಾರದೋ ಡಿಸ್ಕ್ ಅನಿಸುತ್ತದೆ. ಹಾಗಾಗಿ ನನ್ನ ಬ್ಯಾಗ್ ನೋಡಿ ನೀವು ಕೊಳ್ಳಬೇಡಿ, ನಿಮ್ಮದು ನೋಡಿ ನಾನು ಕೊಳ್ಳುವುದಿಲ್ಲ.

ಆಮೇಲೆ ಬಣ್ಣ ನೋಡಿ ಕೊಂಡಿದ್ದಕ್ಕೆ ನಾಚಿಕೆ ಯಾಕೆ? ಅಕ್ಟೋಬರಿನ ಎಲೆ ರಾಶಿಯಲ್ಲಿ ಕಿತ್ತಳೆ ಡಿಸ್ಕ್ ಹುಡುಕಿದವರಿಗೆ ಗೊತ್ತು. ಗುಲಾಬಿ ತಗೊಳ್ಳಿ, ನೀಲಿ ತಗೊಳ್ಳಿ. ಹಿಂದೆ ಫೋನ್ ನಂಬರ್ ಬರೆಯಿರಿ.

ಜಯನಗರದ_ಅಲ್ಟಿಮೇಟ್ (ಬೆಂಗಳೂರು)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಅಲ್ಟಿಮೇಟ್ (ಎರಡು ತಂಡಗಳ ಫ್ರಿಸ್ಬಿ ಆಟ) ಆಡುವವನು, ಅಲ್ಲಿ ನಮಗೆ ಡಿಸ್ಕ್ ಎಂದರೆ ಒಂದೇ, ಡಿಸ್ಕ್‌ಕ್ರಾಫ್ಟ್ ಅಲ್ಟ್ರಾಸ್ಟಾರ್, 175 ಗ್ರಾಂ. ಇಪ್ಪತ್ತು ಥರದ ಡಿಸ್ಕ್ ಇಟ್ಟುಕೊಂಡು ಯೋಚನೆ ಮಾಡುವ ಭಾಗ್ಯ ಇಲ್ಲ. ಚಿಕ್ಕಪ್ಪನ ಮಗ ಅಮೆರಿಕದಿಂದ ಬರುವಾಗ ಉಪ್ಪಿನಕಾಯಿ ಡಬ್ಬದ ಜಾಗದಲ್ಲಿ ಒಂದು ಬಜ್, ಹತ್ತಿರದ ಎಸೆತಕ್ಕೆ ಒಂದು ಜೋನ್ ಡಿಸ್ಕ್ ತಂದುಕೊಟ್ಟ. ಮನೆ ಹತ್ತಿರ ಬಾಸ್ಕೆಟ್ ಇಲ್ಲ, ಬೆಳಗ್ಗೆ ಆರಕ್ಕೆ ಮೈದಾನದಲ್ಲಿ ಬೇವಿನ ಮರವೇ ಬಾಸ್ಕೆಟ್.

ಅನುಭವ ಇಷ್ಟು: ಅಲ್ಟ್ರಾಸ್ಟಾರ್ ಕೈ ಜೋನ್ ಹಿಡಿದಾಗ ಮೊದಲು ತಡವರಿಸಿತು, ಅಷ್ಟು ಸಣ್ಣದು, ಅಷ್ಟು ಬೇಗ ಬೀಳುತ್ತದೆ. ಆದರೆ ಫೋರ್‌ಹ್ಯಾಂಡ್ ಎಸೆದರೆ ಹೇಳಿದ ಕಡೆ ಹೋಗಿ ಸುಮ್ನೆ ಕೂತುಕೊಳ್ಳುತ್ತದೆ. ಎರಡೇ ಡಿಸ್ಕ್ ಇದ್ದರೆ ಬೈಯಲು ಡಿಸ್ಕ್ ಸಿಗುವುದಿಲ್ಲ, ಕೈಯನ್ನೇ ಬೈದುಕೊಳ್ಳಬೇಕು. ನಿಮ್ಮ ಆ 'ಯಾಕೆ ಕೊಂಡೆ ಗೊತ್ತಿಲ್ಲ' ಡಿಸ್ಕ್‌ಗಳನ್ನು ಮಾರುವುದಾದರೆ ಯಾರಾದರೂ ಊರಿಗೆ ಬರುವಾಗ ಹೇಳಿ.

ಕರಿಅಂಚಿನ_ಪಂಚೆ (ಮಿಷಿಗನ್)

ಹಳೇ ರಾಕ್ ಅವರೇ, ವೇಗದ ಮಾತು ಒಪ್ಪಿದೆ, ನಾನು ಸಂಖ್ಯೆ ನೋಡದೆ ಭಾಷಣ ಶುರು ಮಾಡಿದೆ. ಆದರೆ ಗಾಳಿ ಇರುವ ದಿನ ನಿಮ್ಮ ಮೂರು ವರ್ಷದ ರಾಕ್ ತಗೊಂಡು ನಮ್ಮ ಕಡೆ ಬನ್ನಿ, ಕೆರೆ ಪಕ್ಕದ ಹೋಲ್ ತೋರಿಸುತ್ತೇನೆ. ಈಜು ಬರುತ್ತಾ?

ಗಿಡಕ್ಕೆ_ಹೊಡೆದೋನು (ಶಾರ್ಲಟ್)

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬೆಳಗ್ಗೆ ಖಾಲಿ ಮೈದಾನಕ್ಕೆ ಹೋಗಿ ಪರೀಕ್ಷೆ ಮಾಡಿಯೇ ಬಿಟ್ಟೆ. ಗೆಳೆಯನ ವೋಲ್ಟ್, ನನ್ನ ಟೀಬರ್ಡ್, ಡೆಸ್ಟ್ರಾಯರ್, ಒಂದೊಂದನ್ನು ಹತ್ತು ಸಲ. ಹೆಜ್ಜೆ ಹಾಕಿ ಅಳೆದೆ, ಹಾಗಾಗಿ ಕೋರ್ಟಿಗೆ ಆಗುವ ಸಾಕ್ಷಿ ಅಲ್ಲ.

ಹಳೇ ರಾಕ್ ಸರ್ ಹೇಳಿದ್ದೇ ಆಯಿತು. ವೋಲ್ಟ್, ಟೀಬರ್ಡ್ ಎರಡೂ ಹೆಚ್ಚು ಕಮ್ಮಿ ಒಂದೇ ಕಡೆ ಬಿದ್ದವು. ಡೆಸ್ಟ್ರಾಯರ್ ಅವೆರಡಕ್ಕಿಂತ ಒಂದು ಅಡಿಯೂ ಮುಂದೆ ಹೋಗಲಿಲ್ಲ, ಬರೀ ಎಡಕ್ಕೆ. ಆದರೆ ಪಂಚೆಯವರೂ ಪೂರ್ತಿ ಸೋತಿಲ್ಲ. ನಾನು ಕೆಟ್ಟದಾಗಿ ಎಸೆದಾಗ, ಡಿಸ್ಕ್ ಕೈಯಿಂದಲೇ ನಡುಗಿಕೊಂಡು ಹೋದಾಗ, ವೋಲ್ಟ್ ಸ್ವಲ್ಪ ಬೇಗ ಸುಧಾರಿಸಿಕೊಂಡಿತು. ಅಂಚಿನದೋ, ನನ್ನ ಕಣ್ಣಿನದೋ ಗೊತ್ತಿಲ್ಲ. ಇಷ್ಟ ಆಯಿತು, ಒಂದು ವೋಲ್ಟ್ ಕೊಳ್ಳುತ್ತೇನೆ. ಒಂದೇ.

ಮಲ್ಲಿಗೆ ಮೇಡಂ, ನನ್ನ ಲೆಪರ್ಡ್ ತೂಕ ನೋಡಿದೆ, 175. 160ರ ಆಸುಪಾಸಿನದು ಹುಡುಕುತ್ತಿದ್ದೇನೆ. ಈಗ ಬ್ಯಾಗಲ್ಲಿ ಉಳಿದದ್ದು ಏವಿಯಾರ್, ಬಜ್, ಲೆಪರ್ಡ್, ಟೀಬರ್ಡ್. ಏಳು ಡಿಸ್ಕ್ ಡಬ್ಬದಲ್ಲಿ ಹಾಕಿಟ್ಟಿದ್ದೇನೆ, ಡಿಸೆಂಬರಿನಲ್ಲಿ ಬೆಂಗಳೂರಿಗೆ ಬರುವಾಗ ಜಯನಗರಕ್ಕೆ ತರುತ್ತೇನೆ, ಮಾರುವುದೇನೂ ಬೇಡ, ಒಂದು ಮಸಾಲೆ ದೋಸೆ ಕೊಡಿಸಿ.

ಹಳೇ_ರಾಕ್ (ಸ್ಯಾನ್ ಹೋಸೆ)

13ರಲ್ಲಿ ಏಳು ಹೋದರೆ ಆರು. ನೀವು ಹೆಸರು ಹೇಳಿದ್ದು ನಾಲ್ಕು. ಆ ಎರಡು ಡೆಸ್ಟ್ರಾಯರ್ ಎಲ್ಲಿ?

ಗಿಡಕ್ಕೆ_ಹೊಡೆದೋನು (ಶಾರ್ಲಟ್)

ಬ್ಯಾಗಿನ ಸೈಡ್ ಜೇಬಲ್ಲಿ. ಬಣ್ಣ ಚೆನ್ನಾಗಿದೆ ಸರ್.