ಕಿವಿ ಚಿಕಿತ್ಸೆಗೆ ಬೇರೆ ದೇಶದಿಂದ ಬರುವ ಮಕ್ಕಳು: ಆಡಿಯಾಲಜಿಸ್ಟ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ತಾವಿರುವ ದೇಶದಲ್ಲಿ ಸೌಲಭ್ಯ ಇಲ್ಲದೆ, ಕಿವಿ ಕೇಳದ ಮಕ್ಕಳನ್ನು ಇನ್ನೊಂದು ದೇಶಕ್ಕೆ ಕರೆದೊಯ್ಯುವ ತಂದೆತಾಯಿಗಳಿಗಾಗಿ ಇವತ್ತಿನ ಪ್ರಶ್ನೋತ್ತರ. ಮಕ್ಕಳ ಆಡಿಯಾಲಜಿಸ್ಟ್ (ಶ್ರವಣ ತಜ್ಞೆ) ಮೇಡಂ ಬಿಡುವಾದಾಗ ಉತ್ತರಿಸುತ್ತಾರೆ. ಮಗುವಿನ ಹೆಸರು, ರಿಪೋರ್ಟಿನ ಫೋಟೋ ಹಾಕಬೇಡಿ.

ಏಳು ತಿಂಗಳ ಮಗುವಿನ ತಾಯಿ: ಮೇಡಂ, ಹುಟ್ಟಿದಾಗ ಮಾಡಿದ, ಕಿವಿಗೆ ಸಣ್ಣ ಶಬ್ದ ಬಿಟ್ಟು ನೋಡೋ ಓಎಇ ಟೆಸ್ಟ್‌ನಲ್ಲಿ ಎರಡು ಸಲ 'ರೆಫರ್' ಬಂತು, ಅಂದ್ರೆ ಪಾಸ್ ಆಗಿಲ್ಲ, ಮುಂದಿನ ಟೆಸ್ಟ್ ಬೇಕು ಅಂತ. ನಾವಿರೋ ಕಡೆ ಬೇರಾ ಟೆಸ್ಟ್ (ಶಬ್ದಕ್ಕೆ ಕಿವಿಯ ನರ, ಮಿದುಳು ಹೇಗೆ ಪ್ರತಿಕ್ರಿಯಿಸುತ್ತೆ ಅಂತ ಅಳೆಯೋದು) ಇಲ್ಲ. ವರ್ಷ ತುಂಬಲಿ, ಆಮೇಲೆ ಕರ್ಕೊಂಡು ಹೋಗಿ ಅಂತ ಡಾಕ್ಟರ್ ಹೇಳಿದ್ದಾರೆ. ಕಾಯಬಹುದಾ?

ಆಡಿಯಾಲಜಿಸ್ಟ್: ಕಾಯಬೇಡಿ. ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು: ಇದು ನಾವು ಪಾಲಿಸೋ ಲೆಕ್ಕ. ನಿಮ್ಮ ಮಗು ಅದನ್ನ ಆಗಲೇ ದಾಟಿದೆ. ಒಂದು ಮಾತು ನೆನಪಿಡಿ. ಬೇರಾ ಟೆಸ್ಟ್‌ಗೆ ಮಗು ಗಾಢವಾಗಿ ನಿದ್ದೆ ಮಾಡ್ತಿರಬೇಕು. ದೂರದ ವಿಮಾನ ಇಳಿದ ಮಗುವಿಗೆ ಹಗಲು ಯಾವುದು ರಾತ್ರಿ ಯಾವುದು ಅಂತ ಗೊತ್ತಿರಲ್ಲ, ಇಳಿದ ಮರುದಿನವೇ ಅಪಾಯಿಂಟ್‌ಮೆಂಟ್ ಇಟ್ಟುಕೊಂಡು ಬಂದವರು ಅಳೋ ಮಗುವನ್ನ ಎತ್ತಿಕೊಂಡು ವಾಪಸ್ ಹೋಗಿದ್ದನ್ನ ಎಷ್ಟೋ ಸಲ ನೋಡಿದ್ದೀನಿ. ಮೂರ್ನಾಲ್ಕು ದಿನ ಬಿಟ್ಟು ಒಂದು, ಅದು ಕೈಕೊಟ್ಟರೆ ಅಂತ ಇನ್ನೊಂದು, ಹೀಗೆ ಎರಡು ಅಪಾಯಿಂಟ್‌ಮೆಂಟ್ ಮೊದಲೇ ಕೇಳಿ.

ಒಬ್ಬ ಸದಸ್ಯೆ: ನನ್ನ ಮಗನಿಗೂ ಓಎಇ ರೆಫರ್ ಬಂದಿದೆ, ಐದು ತಿಂಗಳು. ಏನು ಮಾಡಲಿ?

ಆಡಿಯಾಲಜಿಸ್ಟ್: ಮೇಲಿನ ಉತ್ತರವೇ. ಬೇರಾ ಮಾಡಿಸಿ.

ಒಬ್ಬ ಅಪ್ಪ: ಮಗಳಿಗೆ ಒಂದೂವರೆ ವರ್ಷ. ಬ್ಯಾಕ್ಟೀರಿಯಾದಿಂದ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಆಗಿ ಐದು ವಾರ ಆಯ್ತು. ಜೀವ ಉಳೀತು. ಈಗ ಕರೆದ್ರೆ ತಿರುಗಲ್ಲ. ಓಡಾಡ್ತಿದ್ದವಳು ಗೋಡೆ ಹಿಡ್ಕೊಂಡು ನಿಲ್ತಾಳೆ, ಕೈ ಬಿಟ್ಟರೆ ಕೂತುಬಿಡ್ತಾಳೆ. ಬೇರಾದಲ್ಲಿ ಎರಡೂ ಕಿವಿಗೆ ತುಂಬಾ ಜೋರಾದ 90 ಡೆಸಿಬೆಲ್‌ಗೂ ಪ್ರತಿಕ್ರಿಯೆ ಇಲ್ಲ. ಇಲ್ಲಿ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸೋಕೆ ಒಳಗಿವಿಗೆ ಎಲೆಕ್ಟ್ರಾನಿಕ್ ಸಾಧನ ಕೂರಿಸೋ ಆಪರೇಷನ್) ಮಾಡೋರಿಲ್ಲ. ದೊಡ್ಡ ಮಗನ ಶಾಲೆಗೆ ರಜೆ ಸಿಗೋದು ಮೂರು ತಿಂಗಳ ಮೇಲೆ, ಆಗ ಎಲ್ಲರೂ ಹೊರಡೋಣ ಅಂತ ಟಿಕೆಟ್ ಮಾಡಿಸಿದ್ದೀವಿ. ಅಷ್ಟರಲ್ಲಿ ತಾನಾಗೇ ಸರಿಹೋಗಬಹುದು ಅಂತಾರೆ ಮನೆಯವರು.

ಆಡಿಯಾಲಜಿಸ್ಟ್: ದಯವಿಟ್ಟು ಇದನ್ನ ಪೂರ್ತಿ ಓದಿ, ಮನೆಯವರಿಗೂ ಓದಿಸಿ. ಮೂರು ತಿಂಗಳು ಕಾಯೋ ಹಾಗಿಲ್ಲ.

ಕಾಕ್ಲಿಯಾ ಅಂದ್ರೆ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರೋ ಪುಟ್ಟ ನಳಿಕೆ, ಒಳಗೆ ದ್ರವ. ಮೆನಿಂಜೈಟಿಸ್ ಸೋಂಕು ಅಲ್ಲಿಗೂ ಇಳಿದ್ರೆ, ಗಾಯ ಮಾಯೋ ಹೊತ್ತಲ್ಲಿ ದ್ರವದ ಜಾಗದಲ್ಲಿ ನಾರು ಬೆಳೆಯುತ್ತೆ, ಆಮೇಲೆ ಅದೇ ಮೂಳೆಯಾಗುತ್ತೆ. ಕೆಲವು ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ ಇದು ಶುರುವಾಗುತ್ತೆ. ಇಂಪ್ಲಾಂಟಿನ ಎಲೆಕ್ಟ್ರೋಡ್ ಹೋಗಬೇಕಾದ್ದು ಅದೇ ನಳಿಕೆಯೊಳಗೆ. ಅದು ಮುಚ್ಚಿಹೋದ್ರೆ ಎಷ್ಟೇ ನುರಿತ ಸರ್ಜನ್ ಆದ್ರೂ ಪೂರ್ತಿ ಇಳಿಸೋಕೆ ಆಗದೇ ಹೋಗಬಹುದು. ಬೇರೆ ಮಕ್ಕಳಿಗೆ 'ಬೇಗ ಬನ್ನಿ' ಅಂತೀನಿ. ನಿಮಗೆ 'ಈ ವಾರವೇ ಶುರು ಮಾಡಿ' ಅಂತಿದ್ದೀನಿ.

ಗೋಡೆ ಹಿಡಿಯೋದನ್ನ ಬರೀ ಜ್ವರದ ನಿಶ್ಶಕ್ತಿ ಅಂದ್ಕೋಬೇಡಿ. ಸಮತೋಲನದ ಅಂಗ ಕಾಕ್ಲಿಯಾಗೆ ಅಂಟಿಕೊಂಡೇ ಇದೆ, ಒಳಗಿವಿಗೆ ಪೆಟ್ಟು ಬಿದ್ದಿದೆ ಅನ್ನೋದರ ಗುರುತು ಇದಾಗಿರಬಹುದು. ಡಾಕ್ಟರ್‌ಗೆ ತೋರಿಸಿ, ರಿಪೋರ್ಟಲ್ಲಿ ಬರೆಸಿ.

ನೀವಿರೋ ಊರಲ್ಲಿ ಎಂಆರ್‌ಐ ಇದ್ದರೆ ಅಲ್ಲೇ ಮಾಡಿಸಿ. ಕಾಕ್ಲಿಯಾದಲ್ಲಿ ದ್ರವ ಇದೆಯಾ ಅಂತ ನೋಡಬೇಕು ಅನ್ನೋದನ್ನ ಚೀಟಿಯಲ್ಲೇ ಬರೆಸಿ. ಸಿಟಿ ಸ್ಕ್ಯಾನ್ ಮೂಳೆಯನ್ನ ತೋರಿಸುತ್ತೆ, ಮೊದಮೊದಲ ನಾರು ಅದರಲ್ಲಿ ತಪ್ಪಿಹೋಗಬಹುದು. ಫಿಲ್ಮಿನ ಫೋಟೋ ಕಳಿಸಬೇಡಿ, ಸ್ಕ್ಯಾನ್ ಸೆಂಟರಿನಿಂದ ಡೈಕಾಮ್ ಫೈಲನ್ನೇ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರ) ತಗೊಳ್ಳಿ.

ಆಸ್ಪತ್ರೆಗೆ ಮೇಲ್ ಬರೆಯುವಾಗ ವಿಷಯದ ಸಾಲಲ್ಲೇ 'ಮೆನಿಂಜೈಟಿಸ್ ನಂತರ ಎರಡೂ ಕಿವಿ ಕೇಳುತ್ತಿಲ್ಲ, ತುರ್ತು' ಅಂತ ಹಾಕಿ. ಕಾಯಿಲೆ ಶುರುವಾದ ತಾರೀಕು, ಯಾವ ಬ್ಯಾಕ್ಟೀರಿಯಾ, ಕೊಟ್ಟ ಔಷಧಿ, ಬೇರಾ ಗ್ರಾಫ್, ಹಾಕಿಸಿದ ಲಸಿಕೆಗಳ ಪಟ್ಟಿ, ಎಲ್ಲ ಒಂದೇ ಮೇಲ್‌ನಲ್ಲಿ. ಇಂಪ್ಲಾಂಟ್‌ಗೆ ಮುಂಚೆ ನ್ಯೂಮೋಕಾಕಲ್ ಲಸಿಕೆ ಆಗಿರಬೇಕು, ಬಾಕಿ ಇದ್ದರೆ ನಾಳೆಯೇ ಕೇಳಿ. ಹೊರದೇಶದ ರೋಗಿಗಳ ವಿಭಾಗದವರು ಮೊದಲು ಪಾಸ್‌ಪೋರ್ಟ್, ಫಾರ್ಮು ಅಂತಾರೆ. ಕೊಡಿ, ಜೊತೆಗೆ ಇಂಪ್ಲಾಂಟ್ ತಂಡಕ್ಕೆ ಇವತ್ತೇ ತೋರಿಸಿ ಅಂತ ಫೋನಲ್ಲೂ ಹೇಳಿ. ತುರ್ತು ಅಂತ ಬರೆದ ಪತ್ರವನ್ನ ಅವರಿಂದ ತರಿಸಿಕೊಂಡು ವೀಸಾ ಅರ್ಜಿಗೆ ಲಗತ್ತಿಸಿ. ಮನೆಮಂದಿಯೆಲ್ಲ ಹೋಗಬೇಕಾಗಿಲ್ಲ. ಮಗು, ಜೊತೆಗೆ ಒಬ್ಬರು, ಸಾಕು.

ಇನ್ನೊಬ್ಬ ಸದಸ್ಯೆ: ಬಂದ ಫಾರ್ವರ್ಡ್ ಹಾಕ್ತಿದ್ದೀನಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ದಿನಕ್ಕೆ ಮೂರು ಹನಿ, 21 ದಿನ. ಸತ್ತ ನರ ಚಿಗುರುತ್ತಂತೆ. ಆಪರೇಷನ್ ಬೇಡ.

ಆಡಿಯಾಲಜಿಸ್ಟ್: ಯಾರೂ ಮಾಡಬೇಡಿ. ಹೊರಗಿಂದ ಸುರಿದ ಎಣ್ಣೆ ಒಳಗಿವಿಗೆ ತಲುಪೋದೇ ಇಲ್ಲ, ಮಧ್ಯೆ ಕಿವಿತಮಟೆ ಇದೆ. ತಮಟೆ ತೂತಾಗಿದ್ದರೆ ಮಧ್ಯಕಿವಿಗೆ ಇಳಿದು ಇನ್ನೂ ಕೇಡು. ಬಿಸಿ ಎಣ್ಣೆಯಿಂದ ಚರ್ಮ ಸುಡುತ್ತೆ. ಹದಿನಾಲ್ಕು ಗಂಟೆ ಪ್ರಯಾಣ ಮಾಡಿ ಬಂದ ಮಗುವಿನ ಎರಡೂ ಕಿವಿ ಎಣ್ಣೆ, ಹತ್ತಿಯಿಂದ ತುಂಬಿತ್ತು. ಶುಚಿ ಮಾಡಿ, ಊತ ಇಳಿಯೋವರೆಗೆ ಕಾದು ಟೆಸ್ಟ್ ಮಾಡೋ ಹೊತ್ತಿಗೆ ಅವರ ವಾಪಸ್ ಟಿಕೆಟ್ಟಿನ ದಿನ ಬಂದಿತ್ತು.

ಅದೇ ಸದಸ್ಯೆ: ಬಳಸಿ ನೋಡಿದವರೇ ಹೇಳಿದ್ದು ಮೇಡಂ.

ಆಡಿಯಾಲಜಿಸ್ಟ್: ಅಡ್ಮಿನ್, ಆ ಪೋಸ್ಟ್ ತೆಗೀರಿ. ಮೇಲೆ ಒಬ್ಬ ಅಪ್ಪ ಒಂದೊಂದು ದಿನ ಲೆಕ್ಕ ಹಾಕ್ತಿದ್ದಾರೆ. 21 ದಿನ ಅವರ ಹತ್ತಿರ ಇಲ್ಲ.

ಮೂರು ವರ್ಷದ ಮಗನ ತಾಯಿ: ಇಂಪ್ಲಾಂಟ್ ಆಪರೇಷನ್ ಮುಗಿಸಿ ಹತ್ತು ದಿನಕ್ಕೆ ವಾಪಸ್ ಹೊರಡಬಹುದಾ?

ಆಡಿಯಾಲಜಿಸ್ಟ್: ಆಪರೇಷನ್ ಆದ ತಕ್ಷಣ ಮಗುವಿಗೆ ಕಿವಿ ಕೇಳಿಸಲ್ಲಮ್ಮ. ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ, ಹೊರಗಿನ ಪ್ರೊಸೆಸರ್ ಹಾಕಿ ಸ್ವಿಚ್ ಆನ್ ಮಾಡ್ತಾರೆ. ಆಮೇಲೆ ಮ್ಯಾಪಿಂಗ್, ಅಂದ್ರೆ ಯಾವ ಎಲೆಕ್ಟ್ರೋಡಿಗೆ ಎಷ್ಟು ಕರೆಂಟು ಅಂತ ಹೊಂದಿಸೋದು. ಮೊದಲ ವರ್ಷ ಮತ್ತೆ ಮತ್ತೆ ಬೇಕು. ಜೊತೆಗೆ ಸ್ಪೀಚ್ ಥೆರಪಿ. ಕಂಪನಿ ಆರಿಸೋ ಮುಂಚೆ ಕೇಳಬೇಕಾದ್ದು: ನೀವಿರೋ ದೇಶದಲ್ಲಿ ಅಥವಾ ಪಕ್ಕದಲ್ಲಿ ಅದರ ಸರ್ವಿಸ್ ಇದೆಯಾ? ದೂರದಿಂದಲೇ ಮ್ಯಾಪಿಂಗ್ ಮಾಡ್ತಾರಾ? ವಾರಂಟಿ ಅಲ್ಲೂ ನಡೆಯುತ್ತಾ? ಪ್ರೊಸೆಸರನ್ನ ತಲೆಯ ಮೇಲಿನ ಕಾಯಿಲ್‌ಗೆ ಜೋಡಿಸೋ ಕೇಬಲ್ ತುಂಡಾಗಿ, ಇನ್ನೊಂದು ಸಿಗದೆ ಪ್ರೊಸೆಸರ್ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಕೂತಿದ್ದನ್ನ ಕಂಡಿದ್ದೀನಿ.

ಒಬ್ಬ ಸದಸ್ಯ: ಇಂಪ್ಲಾಂಟ್ ಕಂಪನಿಗಳಲ್ಲಿ ಯಾವುದು ಬೆಸ್ಟ್ ಮೇಡಂ?

ಒಬ್ಬ ಅಜ್ಜಿ: ಮೊಮ್ಮಗನ ಕಿವಿ ಮಷೀನ್ ಕುಯ್ ಅನ್ನುತ್ತೆ. ಮಷೀನ್ ಕೊಡಿಸಿದ ದೇಶ ಬಿಟ್ಟು ಬಂದು ಆರು ತಿಂಗಳಾಯ್ತು. ಸೌಂಡ್ ಕಮ್ಮಿ ಮಾಡಿದ್ದೀವಿ.

ಆಡಿಯಾಲಜಿಸ್ಟ್: ಅಜ್ಜೀ, ಹೆಚ್ಚಾಗಿ ಮಷೀನ್ ಕೆಟ್ಟಿರಲ್ಲ. ಮಗುವಿನ ಕಿವಿ ಬೆಳೆದು ಮೋಲ್ಡ್, ಅಂದ್ರೆ ಕಿವಿಯೊಳಗೆ ಕೂರೋ ತುಂಡು, ಸಡಿಲ ಆಗಿರುತ್ತೆ. ಸೌಂಡ್ ಕಮ್ಮಿ ಮಾಡಿದ್ರೆ ಕುಯ್ ನಿಲ್ಲುತ್ತೆ, ಮಗುವಿಗೆ ಮಾತೂ ಕೇಳಲ್ಲ. ಹತ್ತಿರದ ಯಾವುದೇ ಆಡಿಯಾಲಜಿ ಕ್ಲಿನಿಕ್‌ನಲ್ಲಿ ಕಿವಿಯ ಅಚ್ಚು ತೆಗೆಸಿ ಹೊಸ ಮೋಲ್ಡ್ ಮಾಡಿಸಿ. ಅದಕ್ಕಾಗಿ ವಿಮಾನ ಹತ್ತಬೇಕಿಲ್ಲ.

ಕಿವಿ ಕೇಳದ ಸದಸ್ಯ: ನಾನು ಹುಟ್ಟು ಕಿವುಡ. ಇಷ್ಟು ಹೊತ್ತು ಇಲ್ಲಿ ಸನ್ನೆ ಭಾಷೆ ಅನ್ನೋ ಪದವೇ ಬಂದಿಲ್ಲ. ಪ್ರಯಾಣಕ್ಕೆ ದುಡ್ಡಿಲ್ಲದವರ ಮಕ್ಕಳಿಗೆ ಭಾಷೆಯೇ ಬೇಡವಾ?

ಒಬ್ಬ ಸದಸ್ಯ: ಸನ್ನೆ ಕಲಿಸಿದ್ರೆ ಮಗು ಮಾತಾಡೋಕೆ ಸೋಮಾರಿಯಾಗುತ್ತೆ. ನಮ್ಮ ಮಗನಿಗೆ ನಾವು ಕಲಿಸಲಿಲ್ಲ, ಚೆನ್ನಾಗಿ ಮಾತಾಡ್ತಾನೆ.

ಕಿವಿ ಕೇಳದ ಸದಸ್ಯ: ಪ್ರೊಸೆಸರ್ ಬಿಚ್ಚಿಟ್ಟು ಸ್ನಾನಕ್ಕೆ ಕೂತಾಗ ಅವನ ಜೊತೆ ಹೇಗೆ ಮಾತಾಡ್ತೀರಿ?

ಒಬ್ಬ ಸದಸ್ಯ: ಅದು ನಮ್ಮ ಮನೆ ವಿಷಯ. ನೀವು ಆಪರೇಷನ್ ಮಾಡಿಸೋರನ್ನ ಹೆದರಿಸ್ತಿದ್ದೀರಿ.

ಮೂರು ವರ್ಷದ ಮಗನ ತಾಯಿ: ಅವರು ಹೆದರಿಸಲಿಲ್ಲ, ಪ್ರಶ್ನೆ ಕೇಳಿದ್ರು. ಉತ್ತರ ಇಲ್ಲದಿದ್ರೆ ಸುಮ್ನಿರಿ.

ಆಡಿಯಾಲಜಿಸ್ಟ್: ಸನ್ನೆ ಕಲಿತರೆ ಮಾತು ಬರಲ್ಲ ಅನ್ನೋದು ತಪ್ಪು. ವೀಸಾ, ಆಪರೇಷನ್, ಸ್ವಿಚ್ ಆನ್ ಅಂತ ತಿಂಗಳುಗಳು ಕಳೆಯುತ್ತವೆ. ಅಷ್ಟು ದಿನ ಮಗು ಯಾವ ಭಾಷೆಯೂ ಇಲ್ಲದೆ ಕೂರಬಾರದು. ಮನೆಮಾತು ಬಿಟ್ಟು ಆಸ್ಪತ್ರೆಯವರ ಭಾಷೆ ಆಡಿ ಅಂತ ಯಾರಾದ್ರೂ ಹೇಳಿದ್ರೆ ಅದನ್ನೂ ಕೇಳಬೇಡಿ. ನಿಮಗೆ ಸರಾಗವಾಗಿ ಬರೋ ಭಾಷೆಯಲ್ಲೇ ಮಗುವಿನ ಜೊತೆ ಮಾತಾಡಿ. ಜಗಳ ಇಲ್ಲಿಗೆ ನಿಲ್ಲಿಸಿ.

ಒಬ್ಬ ಸದಸ್ಯೆ: ಮೊದಲ ಸಲ ಬೇರಾ ಟೆಸ್ಟ್ ಆಗುವಾಗ ಮಗು ಅತ್ತಿತ್ತು. ಮತ್ತೆ ಮಾಡಿಸಬೇಕಾ?

ಆಡಿಯಾಲಜಿಸ್ಟ್: ಹೌದು. ಮೇಲೆ ಓದಿ.

ಒಬ್ಬ ತಾಯಿ: ಮಗುವಿನ ಜೊತೆ ಅತ್ತೆಯವರಿಗೂ ವೀಸಾ ಸಿಗುತ್ತಾ?

ಎಣ್ಣೆ ಪೋಸ್ಟ್ ಹಾಕಿದ ಸದಸ್ಯೆ: ಒಳ್ಳೇದಕ್ಕೆ ಹೇಳಿದ್ರೆ ಪೋಸ್ಟ್ ಡಿಲೀಟ್ ಮಾಡ್ತೀರಿ. ಡಾಕ್ಟರುಗಳಿಗೆ ಆಪರೇಷನ್ನೇ ಬೇಕು.

ಅಡ್ಮಿನ್: ಇನ್ನೊಂದು ಸಲ ಬರೆದ್ರೆ ಗುಂಪಿನಿಂದ ತೆಗೀತೀನಿ.

ಒಬ್ಬ ಅಪ್ಪ: ಮೇಡಂ, ಎಂಆರ್‌ಐ ಆಯ್ತು. ಬಲಗಡೆ ದ್ರವ ಚೆನ್ನಾಗಿ ಕಾಣುತ್ತೆ, ಎಡಗಡೆ ಕೆಳಗಿನ ಸುತ್ತಿನಲ್ಲಿ ಕಮ್ಮಿ ಅಂತ ಬರೆದಿದ್ದಾರೆ. ಫೈಲು ಎರಡು ಆಸ್ಪತ್ರೆಗೆ ಹೋಗಿದೆ. ಹೆಂಡತಿ, ಮಗಳು ಇಬ್ಬರೇ ಮೊದಲು ಹೊರಡ್ತಾರೆ.

ಆಡಿಯಾಲಜಿಸ್ಟ್: ಎಡಗಡೆ ಕಮ್ಮಿ ಅನ್ನೋ ಆ ಸಾಲನ್ನ ಈಗಲೇ ಎರಡೂ ಆಸ್ಪತ್ರೆಗೆ ಫೋನ್ ಮಾಡಿ ಓದಿ ಹೇಳಿ, ಬೆಳಗಾಗೋದು ಬೇಡ. ಎರಡೂ ಕಿವಿಗೆ ಒಟ್ಟಿಗೇ ಮಾಡ್ತೀರಾ ಅಂತಲೂ ಕೇಳಿ. ಏನಂದ್ರು ಅಂತ ಇಲ್ಲೇ ಬರೀರಿ, ನಾನು ಎಚ್ಚರ ಇರ್ತೀನಿ.